ಕೀವು

ಕಬ್ಬಿನ ಸೋಗೆ ಗೀರಿದ ಬೆರಳಿಗೆ
ಹರಕು ಪಂಚೆಯ ಚುಂಗು ಸುತ್ತಿಕೊಂಡು
ಮೂರು ದಿನ ಕಳೆದು ಬಂದಿದ್ದಾನೆ ಹೊಳಲಿನ ಜವರಪ್ಪ.
"ಕಂಕುಳಲ್ಲೂ ಒಂದು ಗಂಟು ಕಣವ್ವ,
ಬೆರಳು ಕುಯ್ದ್ರೆ ಅದಕ್ಯಾಕೆ ನೋವು?"

ಮಂಡ್ಯದ ಆಸ್ಪತ್ರೆ. ಲ್ಯಾಬಿನ ಕಿಟಕಿಯಾಚೆ
ಕಬ್ಬಿನ ಗಾಡಿಗಳ ಸಾಲು.
ಗಾಜಿನ ಮೇಲೆ ಅವನದೊಂದು ಹನಿ;
ನೇರಳೆ ಬಣ್ಣ ಹೊಯ್ದು, ತೊಳೆದು, ಕಣ್ಣಿಡುತ್ತೇನೆ.

ನೂರು ಕಣ ಎಣಿಸಬೇಕು.
ಎಂಬತ್ತಾರು ಒಂದೇ ಜಾತಿ, ಒಡಲ ತುಂಬ ಕಾಳು ಕಾಳು.
ಕೆಲವಂತೂ ಇನ್ನೂ ಎಳಸು:
ಮೀಸೆ ಮೂಡುವ ಮೊದಲೇ
ಮೂಳೆಯೊಳಗಿನ ಮನೆ ಕಳಿಸಿಕೊಟ್ಟಿದೆ.

ಆಯಸ್ಸು ಒಂದು ದಿನ, ಹೆಚ್ಚೆಂದರೆ ಎರಡು.
ನುಂಗುತ್ತವೆ,
ನುಂಗಿದ್ದರ ಜೊತೆಗೇ ಸಾಯುತ್ತವೆ.

ಪಕ್ಕದ ಕೋಣೆಯಲ್ಲಿ ನರ್ಸ್ ಬೆರಳು ಒತ್ತುತ್ತಾಳೆ.
ಜವರಪ್ಪ ಮುಖ ತಿರುಗಿಸಿ
"ಥೂ, ಹೊಲಸು" ಅನ್ನುತ್ತಾನೆ.
ಹತ್ತಿಯುಂಡೆ ಹಳದಿ ಬುಟ್ಟಿಗೆ ಬೀಳುತ್ತದೆ.

ಕಂಕುಳ ಗಂಟಿನಲ್ಲಿ ಮಾತ್ರ
ಯಾರೋ ದೀಪ ಆರಿಸದೆ ಕೂತು
ಬಂದವನ ಮುಖವನ್ನು
ಬಾಯಿಪಾಠ ಮಾಡುತ್ತಿದ್ದಾರೆ.

ಚೀಟಿಯಲ್ಲಿ ಬರೆಯುತ್ತೇನೆ: ಎಂಬತ್ತಾರು.
ಬಾಗಿಲಲ್ಲಿ ಅವನು, ಬಿಳಿ ಪಟ್ಟಿಯ ಬೆರಳೆತ್ತಿ:
"ನಾಳೀಕೆ ಕಟಾವಿಗೋಗಬೋದಾ?"