ತೋಲ್

ತೋತ್ಮಾ ಊರಲ್ಲಿ, ಸುಖೋನಾ ನದಿಯ ದಂಡೆಗೆ,
ಯೆವ್ಲಾಂಪಿ ನನ್ನ ಕೊಟ್ಟಿಗೆಗೆ ಸೂರು ಹೊದಿಸುತ್ತಿದ್ದ.
ಡಾಂಬರು ಕುಡಿದ ರಟ್ಟು, ಕರಿ ಸುರುಳಿ.
"ತೋಲ್ ಕೊಡಿ, ಅವಳನ್ನ ಮಡಚಬೇಡಿ."
ಅವಳಲ್ಲ, ಅವನು, ಅಂದೆ ಕೆಳಗಿನಿಂದ,
ನಿಘಂಟಿನಲ್ಲಿ ಪುಲ್ಲಿಂಗ.
"ಹೊತ್ತವನಿಗೆ ಗೊತ್ತು" ಎಂದು ಮೊಳೆ ಕಚ್ಚಿದ.

ನನ್ನ ಚೀಟಿಯಲ್ಲಿ ಇಷ್ಟೇ ಇದೆ:
ಫ್ರೆಂಚರಲ್ಲಿ ಈ ಪದ ಕಬ್ಬಿಣದ ತಗಡು.
ಗಡಿ ದಾಟುವಾಗ ಎಲ್ಲೋ ಕಬ್ಬಿಣ ಕಳಚಿ
ಹೆಸರೊಂದೇ ಬಂತು,
ಕುದುರೆ ಸತ್ತ ಮೇಲೂ
ಲಗಾಮು ಹಿಡಿದು ನಡೆದು ಬಂದವನ ಹಾಗೆ.
ಇನ್ನೂ ಕೆರೆದರೆ ತಗಡಿನ ಅಡಿಗೆ
ಒಂದು ಹಲಗೆ. ಹಲಗೆಗೆ ಕಾಲು ಬಂದರೆ ಮೇಜು.
ಆಚೆಗೆ ಚೀಟಿ ಖಾಲಿ.

ಸಂಜೆ ಅವನಿಗೆ ಅದನ್ನೇ ಓದಿದೆ.
"ಹಾಗಾದರೆ ನಿಮ್ಮ ಆಡಿನ ತಲೆ ಮೇಲೆ
ಮೇಜು ಹೊದಿಸಿದೆನೇ? ಕೂಲಿ ಸಾಲದು!"
ಉಗುರಸಂದಿಯ ಕಪ್ಪು
ಅವನು ಮುರಿದ ಬ್ರೆಡ್ಡಿಗೂ ಹತ್ತಿತ್ತು.

ರಾತ್ರಿ ಆಲಿಕಲ್ಲು. ಎರಡು ಕಡೆ ಹರಿಯಿತು ಸೂರು.
ಲಾಟೀನು ಹಿಡಿದು ಓಡಿದೆ.
ಮೂಲೆಯಲ್ಲಿ, ಒಂದು ಕಾಲು ಮುರಿದ ಹಳೆ ಮೇಜಿನಡಿ
ತಾಯಾಡು, ಎರಡು ಮರಿ,
ಒಣ ಮೂತಿ, ಮೆಲುಕು.

ಬೆಳಿಗ್ಗೆ ಒದ್ದೆ ಕೈಯಲ್ಲೇ ಚೀಟಿ ತೆಗೆದು
ಅಂಚಿನಲ್ಲಿ ಪೆನ್ಸಿಲಿಂದ ಸೇರಿಸಿದೆ:
ಸ್ತ್ರೀಲಿಂಗವೂ ಹೌದು,
ಆಡುಮಾತಿನಲ್ಲಿ.