ಹದಿನಾಲ್ಕನೇ ತುಂಡು

ಇಪ್ಪತ್ತು ಉಕ್ಕಿನ ತುಂಡುಗಳು.
ಒಂದೊಂದೂ ಬೆಂಕಿಪೊಟ್ಟಣದಷ್ಟು,
ಮೂಲೆಯಲ್ಲೊಂದು ತೂತು, ಮೈಮೇಲೊಂದು ನಂಬರು.
ಎಮರಿ ಕಾಗದದಲ್ಲಿ ತಿಕ್ಕಿ ತಿಕ್ಕಿ
ಕನ್ನಡಿಯಾದಾಗ ಕಂಡದ್ದು
ನಿದ್ದೆಗೆಟ್ಟ ನನ್ನದೇ ಮುಖ.
ತೂಗಿ, ಬರೆದು, ನೈಲಾನ್ ದಾರ ಪೋಣಿಸಿ
ಸುರತ್ಕಲ್ ದೀಪಸ್ತಂಭದ ಬಡಗಣ ಮರಳಲ್ಲಿ
ಮರದ ಚೌಕಟ್ಟಿಗೆ ಕಟ್ಟಿಬಂದೆ
ಬಟ್ಟೆ ಒಣಗಹಾಕಿದ ಹಾಗೆ.

ನನ್ನ ಪಿಎಚ್‌ಡಿ ಇಷ್ಟೇ:
ಉಪ್ಪುಗಾಳಿ ದಿನಕ್ಕೆಷ್ಟು ಕಬ್ಬಿಣ ತಿನ್ನುತ್ತದೆ.

‘ಅಷ್ಟು ತಿಳಿಯಲು ಐದು ವರ್ಷವಾ?’
ಉಳ್ಳಾಲದಿಂದ ಫೋನಿನಲ್ಲಿ ಉಮ್ಮ.
‘ನಮ್ಮ ಅಡುಗೆಮನೆ ಕಿಟಕಿಯ ಸರಳನ್ನು ಕೇಳು,
ಎರಡು ಮಳೆಗಾಲಕ್ಕೆ ಪೆನ್ಸಿಲಾಗಿತ್ತು.’

ಲ್ಯಾಬಿನ ತಕ್ಕಡಿ ಗಾಜಿನ ಗೂಡಿನೊಳಗೆ.
ದಶಾಂಶದಾಚೆ ನಾಲ್ಕು ಸ್ಥಾನ.
ಸೆವ್ರಿನ್ ಮಾಮ್ ಮೊದಲು ಫ್ಯಾನ್ ನಿಲ್ಲಿಸುತ್ತಾರೆ,
ಆಮೇಲೆ ನನ್ನನ್ನು:
‘ಮಾತು ಬೇಡ. ಇದಕ್ಕೆ ಉಸಿರೂ ಭಾರ.’
ಮೂವತ್ತೊಂದು ವರ್ಷ ಇದೇ ಸ್ಟೂಲು,
ಕನ್ನಡಕದ ತಿರುಪಿಗೂ ಹಸಿರು ಕಿಲುಬು.
‘ಪ್ರೊಫೆಸರುಗಳು ಬಂದರು, ಡೀನ್ ಆದರು, ಹೋದರು.
ತುಕ್ಕು ಮಾತ್ರ ಒಂದು ದಿನ ರಜೆ ಹಾಕಿದ್ದಿಲ್ಲ.’

ಒಂದು ಶುಕ್ರವಾರ ಎಣಿಸಿದರೆ ಹತ್ತೊಂಬತ್ತು.
ಇಲ್ಲದ್ದು ಹದಿನಾಲ್ಕು.
ಮೊಣಕಾಲೂರಿ ಮರಳು ಜಾಲಾಡಿದೆ.
ಏಡಿಯ ಬಿಲ, ಬಿಯರಿನ ಮುಚ್ಚಳ,
ಯಾರದೋ ಒಂಟಿ ಚಪ್ಪಲಿ.
ಸೆಲ್ಫಿಯ ಹುಡುಗರು ಕೇಳಿದರು: ಉಂಗುರವಾ ಅಕ್ಕಾ?
ಹೌದು ಎಂದೆ. ವಿವರಿಸಲು ಹೊತ್ತಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಸಿಕ್ಕಿತು,
ಮುಕ್ಕದ ಹತ್ತಿರ, ತೆಂಗಿನ ಗರಿಯ ನೆರಳಲ್ಲಿ
ಸೋಮಯ್ಯ ಕಾಂಚನರ ಬೀಸುಬಲೆಯ ಅಂಚಲ್ಲಿ,
ಸೀಸದ ಗುಂಡುಗಳ ನಡುವೆ
ಹೊಸದಾಗಿ ಸೇರಿದ ಹುಡುಗನಂತೆ.
‘ತೂತು ಮೊದಲೇ ಇತ್ತಲ್ಲ ಮಗಾ,
ಬಲೆಗೆಂದೇ ಮಾಡಿದ್ದು ಅಂತ ನೆನೆಸಿದೆ.’

ಆಸಿಡ್ಡಿನಲ್ಲಿ ತೊಳೆದು, ಒಣಗಿಸಿ, ತೂಗಿದೆವು.
ಸೆವ್ರಿನ್ ಮಾಮ್ ಕನ್ನಡಕ ಒರೆಸಿ ಇನ್ನೊಮ್ಮೆ ತೂಗಿದರು.
ಗಾಳಿಗೆ ನೇತಾಡಿದವು ಕಳಕೊಂಡದ್ದರಲ್ಲಿ
ಕಾಲುಭಾಗವನ್ನೂ ಕಳಕೊಂಡಿರಲಿಲ್ಲ
ಕಡಲಲ್ಲಿ ಮುಳುಗೆದ್ದು ಬಂದದ್ದು.
ಮೂಸಿ ನೋಡಿದರು: ‘ಬೂತಾಯಿ ಎಣ್ಣೆ.’

ಬಾಳಿಗಾ ಮೇಡಂ ಗ್ರಾಫ್ ನೋಡಿದರು.
ಹತ್ತೊಂಬತ್ತು ಚುಕ್ಕೆ ಒಂದು ಗೆರೆಯ ಮೇಲೆ,
ಒಂದು ಮಾತ್ರ ಕೆಳಗೆಲ್ಲೋ
ಬಸ್ಸು ತಪ್ಪಿದವರಂತೆ ನಿಂತಿದೆ.
‘ಔಟ್‌ಲೈಯರ್. ತೆಗೆದುಬಿಡು.’
ಅವರು ಹೇಳಿದ್ದು ಸರಿಯೇ.
ಎಷ್ಟು ಎಣ್ಣೆ, ಯಾವ ದಿನ, ಎಷ್ಟು ಹೊತ್ತು ನೀರಲ್ಲಿ,
ಯಾರೂ ಬರೆದಿಟ್ಟಿಲ್ಲ.

ಕೇಳಲು ಹೋದೆ.
ಕಾಂಚನರು ಬಲೆಯಿಂದ ತಲೆಯೆತ್ತಲಿಲ್ಲ.
ದೋಣಿಗೆ ಹಚ್ಚಿ ಉಳಿದದ್ದನ್ನು ಇದಕ್ಕೂ ಒರೆಸುವುದಂತೆ.
ಎಷ್ಟು? ಕೈಗೆ ಬಂದಷ್ಟು.
ಎಷ್ಟು ದಿನಕ್ಕೊಮ್ಮೆ? ನೆನಪಾದಾಗ.
ಪೆನ್ಸಿಲಿನಲ್ಲಿ ಬರಕೊಂಡೆ.
ಪ್ರಮಾಣ: ಕೈಗೆ ಬಂದಷ್ಟು.
ಅವಧಿ: ನೆನಪಾದಾಗ.

‘ಅದನ್ನು ವಾಪಸ್ ಕೊಡುವುದುಂಟಾ?
ಬಲೆ ಆ ಕಡೆ ಎದ್ದು ನಿಲ್ಲುತ್ತದೆ.’
ಕೊಡಲಾಗದು, ಅದೀಗ ದಾಖಲೆ.
ನಂಬರಿಲ್ಲದ ಹೊಸದೊಂದನ್ನು
ಮರುದಿನ ಕೊಟ್ಟುಬಂದೆ.
ಅಂಗೈಯಲ್ಲಿ ತೂಗಿ, ‘ಸ್ವಲ್ಪ ಹಗುರ’ ಎಂದರು.
ಲ್ಯಾಬಿಗೆ ಬಂದು ನೋಡಿದರೆ
ನಿಜಕ್ಕೂ ಅರ್ಧ ಗ್ರಾಂ ಕಡಿಮೆ.

ಪ್ರಬಂಧದ ಗ್ರಾಫಿನಲ್ಲಿ ಈಗ ಹತ್ತೊಂಬತ್ತೇ ಚುಕ್ಕೆ.
ಆದರೆ ಹಾಸ್ಟೆಲಿನ ನನ್ನ ಮಂಚದಡಿ
ಬಾಟಲಿಯಲ್ಲಿ ಅರ್ಧ ಲೀಟರ್ ಬೂತಾಯಿ ಎಣ್ಣೆಯಿದೆ,
ರೂಂಮೇಟ್ ಶರಾವತಿ ಮೂಗಿಗೆ ದುಪ್ಪಟ್ಟ ಕಟ್ಟಿ ಮಲಗುತ್ತಾಳೆ.
ಇನ್ನಿಪ್ಪತ್ತು ತುಂಡು ತಿಕ್ಕುತ್ತಿದ್ದೇನೆ.
ನೋಟ್‌ಬುಕ್ಕಿನ ನೂರಹನ್ನೆರಡನೇ ಪುಟಕ್ಕೆ
ಎಣ್ಣೆ ಇಳಿದು ಕಾಗದ ತಿಳಿಯಾಗಿದೆ.
ತಿರುವದೆಯೇ ಕಾಣುತ್ತವೆ
ಹಿಂದಿನ ಮಗ್ಗುಲ ಅಂಕಿಗಳು,
ತಿರುಗುಮುರುಗಾಗಿ.