ಎಂಟು ಕಾಪಿ

ಮೂರು ದಿನದಿಂದ ಅದು ಟಕ್ ಅಂತಿತ್ತು, ಸುಮ್ಮನಾಗ್ತಿತ್ತು,
ಮತ್ತ ಟಕ್.
ಹಲ್ಲಿ ನುಡೀತೇನೋ ಅಂತ ನಾನು ನೆಲ ಬಡಿದೆ.
ಸದ್ದು ಲ್ಯಾಪ್‌ಟಾಪಿನ ಹೊಟ್ಟಿಯೊಳಗಿಂದು.

ಶಹಾಪುರದ ಹಳೇ ಬಸ್ ಸ್ಟ್ಯಾಂಡಿನ ಎದುರು ನನ್ನ ಸ್ಟುಡಿಯೋ.
ಹದಿನಾಲ್ಕು ವರ್ಷದ ಮುಖ ಅದರಾಗ ಇದ್ದವು:
ರೇಷನ್ ಕಾರ್ಡಿನವು, ಹಾಲ್ ಟಿಕೆಟಿನವು,
ಕಣ್ಣು ಮುಚ್ಚಿದ್ದಕ್ಕ ಎರಡನೇ ಸಲ ತಗದವು,
ಸೌದಿಗೆ ಹೋಗೋರು, ಬ್ಯಾಂಕಿನಾಗ ಎಮ್ಮಿ ಸಾಲ ಕೇಳೋರು,
ಎಲ್ಲಾರ ಮೈಮ್ಯಾಲ ಒಂದೇ ಕರೀ ಕೋಟು.
ಮೊಳಿಗೆ ತೂಗಿದ ನಮ್ಮದೇ ಕೋಟು, ಬಗಲಾಗ ಹರಿದದ್ದು.
ಫೋಟೋದಾಗ ಬಗಲು ಕಾಣಂಗಿಲ್ಲ.

ಕಲಬುರಗಿಯಿಂದ ಮಕ್ದೂಮ್ ಬಂದ.
ಮೊದಲ ಆರಿಸ್ರಿ, ಅಂದ,
ಚಾ ತರಸೋದಕ್ಕಿಂತ ಮೊದಲ ಆರಿಸ್ರಿ.
ಹೊತ್ತು ಮುಳುಗಿದ್ರೂ ಕಲ್ಲು ಕಾವು ಬಿಡೋ ತಿಂಗಳು.
ಮೂಲ್ಯಾಗಿನ ಫರಸಿಗೆ ನೀರು ಹಚ್ಚಿ, ಒರೆಸಿ, ಒಣಗಿದ ಮ್ಯಾಲ
ಡಿಸ್ಕನ್ನ ಅದರ ಮ್ಯಾಲ ಮಲಗಿಸಿದ,
ವಾಯರು ಜೋಡಿಸಿ ಫ್ಯಾನು ಅದರ ಕಡೆ ತಿರುಗಿಸಿದ.

"ನೋಡ್ರಿ ಅಕ್ಕಾ, ಇದು ಸಾಯೋ ಮುದುಕನ್ನ ಮಾತಾಡಿಸಿದಂಗ.
ಗಂಟಲು ಕಟ್ಟಿದಲ್ಲಿ ಹಟ ಹಿಡಿದು ಕೂಡಬಾರದು.
ಬಿಟ್ಟು ಮುಂದಿಂದು ಕೇಳಬೇಕು.
ಸಲೀಸು ಬರೋದೆಲ್ಲಾ ಬರ್ಲಿ.
ಆಮ್ಯಾಲ ತುದಿಯಿಂದ ಹಿಂದಕ್ಕ ಕೇಳ್ಕೋತ ಬರೋಣು.
ಎದುರಿಂದ ಸಿಗದ ಮಾತು
ಒಮ್ಮೊಮ್ಮೆ ಹಿಂದಿನಿಂದ ಸಿಗ್ತದ."

ಅಂಕಿ ಏರಿದವು. ಮೂವತ್ತು. ಮೂವತ್ತೊಂದು.
ಕರೆಂಟು ಹೋತು, ಇನ್ವರ್ಟರು ಕುಂಯ್ ಅಂತು,
ನಾವಿಬ್ಬರೂ ಉಸಿರು ಹಿಡಿದ್ವಿ.
ಅರವತ್ತಕ್ಕ ಬಂದು ಎರಡು ತಾಸು ನಿಂತುಬಿಡ್ತು.
ನಾನು ಕೋಟು ಇಳಿಸಿಕೊಂಡು ಬಗಲು ಹೊಲಿದೆ.
ಕೈ ಏನರೆ ಮಾಡಬೇಕಾಗಿತ್ತು.

ಬೆಳಗಿನ ಜಾವ ಮುಖ ಬರಲಿಕ್ಕ ಹತ್ತಿದವು.
ಹೆಸರಿಲ್ಲ.
ಒಂದೊಂದಾಗಿ ನಾನು ಹೊಡೆದಿಟ್ಟ ಹೆಸರೆಲ್ಲಾ ಹೋಗಿ
ಬರೇ ನಂಬರು, ಜೇಲಿನಾಗ ಕೊಟ್ಟಂಗ.
ಕೆಲವು ಪೂರಾ. ಕೆಲವು ಮೂಗಿನ ತನಕ ಬಂದು
ಕೆಳಗ ಬೂದಿ ಬಣ್ಣ.
ಕೋಟು ಇಲ್ಲ. ನಾನು ತೊಡಿಸಿದ ಕೋಟು
ಇವರ ಮೈಯಿಂದ ತಾನೇ ಇಳಿದು ಹೋಗಿತ್ತು.

"ಇವರು ಯಾರು?" ಅಂದ ಮಕ್ದೂಮ್.
ಇವ ಸಗರದ ಗೌಂಡಿ.
ಇಕಿ ಎರಡು ಸಲ ಫೇಲಾಗಿ ನರ್ಸಾದಾಕಿ.
ಇವ...
ಸುಮ್ಮನಾದೆ.
ಹದಿನಾಲ್ಕು ವರ್ಷ ಗದ್ದ ಎತ್ರಿ, ಗದ್ದ ಇಳಿಸ್ರಿ ಅಂತ
ಗದ್ದಾನೇ ನೋಡಿದಾಕಿ,
ಹುಬ್ಬಿನ ಲೆಕ್ಕ ಇಟ್ಟಿರಲಿಲ್ಲ.

ಹೊರಗ ಬೆಳಕಾತು. ಗುಡ್ಡ ಕಂಡಿತು,
ಅಂಗಾತ ಮಲಗಿದ ಮನಷ್ಯಾನ ಗುಡ್ಡ.
ಹೊಸಬರಿಗೆ ತೋರಿಸಿದ್ರ ಮೊದಲ ಬರೇ ಕಲ್ಲು ಕಾಣ್ತದ.
ಯಾರರೆ ಬಾಜೂಕ ನಿಂತು
ಅಗೋ ಮೂಗು, ಅನ್ನಬೇಕು.

ತೊಂಬತ್ತೊಂದಕ್ಕ ಅದು ಟಕ್ ಅನ್ನೋದೂ ಬಿಟ್ಟಿತು.
ಮಕ್ದೂಮ್ ಸ್ವಲ್ಪ ಹೊತ್ತು ಕಿವಿಗೊಟ್ಟು ಕುಂತ,
ಆಮ್ಯಾಲ ವಾಯರು ಸುತ್ತಿದ.

ಹತ್ತರ ಸುಮಾರಿಗೆ ಸಾಬಮ್ಮ ಬಂದಳು.
ಗಂಡ ಹೋಗಿ ಒಂಬತ್ತು ದಿನ,
ಮನಿಯಾಗ ಒಂದೂ ಫೋಟೋ ಇಲ್ಲ,
ಪಿಂಚಣಿಗಂತ ಇಲ್ಲಿ ತಗಸಿದ್ದೊಂದೇ.
ನಂಬರಿನ ಮ್ಯಾಲ ನಂಬರು ಸರಿಸಿದೆ.
ಸಿಕ್ಕಾಗ ಪರದಿಗೆ ಅಂಗೈ ಅಡ್ಡ ಇಟ್ಟೆ.
ಆಕಿ ನನ್ನ ಕೈ ಸರಿಸಿದಳು.

"ಇವನೇ. ಹಣೀಮ್ಯಾಲ ಎತ್ತು ಹಾದ ಗಾಯ ಅದ ನೋಡು."
"ಬಾಯಿ ಬಂದಿಲ್ಲ ಯವ್ವಾ."
"ಬಂದಿದ್ರ ಮಾತಾಡ್ತಿದ್ದನೇನು?
ಇದ್ದಾಗೂ ಕಣ್ಣಿಂದೇ ನೀರು ಕೇಳ್ತಿದ್ದ.
ಎಂಟು ಕಾಪಿ ಹಾಕು. ಮಕ್ಕಳು ಭಾಳ ಅದಾರ."

ಹಾಕಿದೆ.
ಬೂದಿ ಬಣ್ಣ ತಗದುಬಿಡೋಣಂತ ಕತ್ರಿ ಹಿಡಿದೆ.
"ಇರ್ಲಿ ಬಿಡು," ಅಂದಳು, "ಅಷ್ಟೂ ಇರ್ಲಿ."
ಸೆರಗಿನ ಗಂಟು ಬಿಚ್ಚಿ
ನಲವತ್ತು ರೂಪಾಯಿ ಎಣಿಸಿಟ್ಟಳು.
ಬ್ಯಾಡ ಅನಬೇಕಂದೆ.
ತಗೊಂಡೆ.